ಕಾಸಾಬ್ಲಾಂಕಾದ ಆ ಪೊಲೀಸ್ ಕ್ಯಾಪ್ಟನ್ ಯಾರು ಮಾರಾಯ್ರೇ?

ಬೆಂಚ್‌ಕ್ಲಾಸ್:
ನಿನ್ನೆ ರಾತ್ರಿ 'ಕಾಸಾಬ್ಲಾಂಕಾ' (1942) ನೋಡಿ ಮುಗಿಸಿದೆ. ಎಲ್ರೂ ಹಂಫ್ರಿ ಬೋಗಾರ್ಟ್, ಇಂಗ್ರಿಡ್ ಬರ್ಗ್‌ಮನ್ ಅಂತಿದ್ರು. ಸರಿ, ಇಬ್ರೂ ಚೆನ್ನಾಗಿದ್ದಾರೆ. ಆದ್ರೆ ಬೆಳಿಗ್ಗೆ ಹಲ್ಲುಜ್ಜುವಾಗ ತಲೆಯಲ್ಲಿ ಓಡಾಡ್ತಿದ್ದದ್ದು ಆ ಗಿಡ್ಡ ಪೊಲೀಸ್ ಕ್ಯಾಪ್ಟನ್ ರೆನೋ. ಲಂಚಕೋರ. ಹೆಂಗಸರ ವಿಷಯದಲ್ಲಿ ನೀಚ. ಗಾಳಿ ಬಂದ ಕಡೆ ತೂರಿಕೊಳ್ಳುವ ಜಾತಿ. ಹಾಗಿದ್ದೂ ಅವನು ಬಂದ ಅಂದ್ರೆ ನಾನು ನೆಟ್ಟಗೆ ಕೂತ್ಕೊಳ್ತಿದ್ದೆ. ಇಲ್ಲಿ ಜೂಜು ನಡೀತಿದೆ ಅಂತ ಸಿಡಿಮಿಡಿಗೊಂಡು ಕ್ಲಬ್ಬು ಮುಚ್ಚಿಸ್ತಾನಲ್ಲ, ಅದೇ ಗಳಿಗೆಗೆ ಒಬ್ಬ ಬಂದು ಅವನೇ ಜೂಜಲ್ಲಿ ಗೆದ್ದ ದುಡ್ಡು ಕೈಗಿಡ್ತಾನೆ. ಇವನು ಒಂಚೂರೂ ಪೆಚ್ಚಾಗದೆ ಮೆಲ್ಲಗೆ ಥ್ಯಾಂಕ್ಸ್ ಹೇಳಿ ಇಸ್ಕೊಂಡು, ಮತ್ತೆ 'ಎಲ್ಲ ಹೊರಗೆ ನಡೀರಿ' ಅಂತಾನೆ. ಆ ಸೀನು ಮೂರು ಸಲ ಹಾಕಿ ನೋಡಿದೆ. ಹೆಸರು ಕ್ಲಾಡ್ ರೇನ್ಸ್ ಅಂತೆ. ತಿಳಿದವರು ಇನ್ನೂ ಹೇಳಿ.

ಹಳೇರೀಲು:
ಅಂತೂ ಒಬ್ಬರಾದ್ರೂ ಈ ಪ್ರಶ್ನೆ ಕೇಳಿದಿರಲ್ಲ, ಪುಣ್ಯ. ಹುಟ್ಟಿದ್ದು 1889ರ ನವೆಂಬರ್ 10, ಲಂಡನ್ನಿನಲ್ಲಿ. ಅಪ್ಪನೂ ನಟ. ಮನೆಯಲ್ಲಿ ಬಡತನ. ಹತ್ತನೇ ವಯಸ್ಸಿಗೆಲ್ಲ ರಂಗದ ಮೇಲೆ ಬಂದ. ಆಮೇಲೆ ಲಂಡನ್ನಿನ ಹಿಸ್ ಮೆಜೆಸ್ಟೀಸ್ ಥಿಯೇಟರಿನಲ್ಲಿ ಕೆಲಸ. ಏನು ಕೆಲಸ ಅಂದ್ರೆ, ಪಾತ್ರ ಬರುವ ಹೊತ್ತಾದಾಗ ಓಡಿಹೋಗಿ ನಟರ ಕೋಣೆಯ ಬಾಗಿಲು ಬಡಿದು 'ನಿಮ್ಮ ಪಾಳಿ ಬಂತು' ಅಂತ ಕೂಗಿ ಕರೆಯುವ ಹುಡುಗ. ಅಲ್ಲಿಂದ ಪ್ರಾಂಪ್ಟರ್, ಅಲ್ಲಿಂದ ರಂಗ ವ್ಯವಸ್ಥಾಪಕ.

ನಟನಾಗೋಕೆ ಅಡ್ಡ ಬಂದದ್ದು ಬಾಯಿ. ಒಂದು, ಲಂಡನ್ನಿನ ಕೂಲಿಕಾರರ ಕೇರಿಯ ಕಾಕ್ನಿ ಉಚ್ಚಾರ. ರಾಜ, ಸರದಾರರ ಪಾತ್ರಕ್ಕೆ ಅದು ನಡೆಯೋಲ್ಲ. ಎರಡು, 'ರ' ಅಕ್ಷರ ಹೊರಡುತ್ತಲೇ ಇರಲಿಲ್ಲ. ಪೂರ್ತಿ ಹೆಸರು ವಿಲಿಯಂ ಕ್ಲಾಡ್ ರೇನ್ಸ್. ಹುಡುಗನ ಬಾಯಲ್ಲಿ ಅದು 'ವಿಲಿ ವೇನ್ಸ್' ಆಗ್ತಿತ್ತಂತೆ, ಮಗಳು ಜೆಸಿಕಾ ಹೇಳಿದ್ದಾರೆ. ಆ ಥಿಯೇಟರಿನ ಯಜಮಾನ ಹರ್ಬರ್ಟ್ ಬೀರ್‌ಬೋಮ್ ಟ್ರೀ ಆ ಕಾಲದ ದೊಡ್ಡ ನಟ. ಆತನೇ ಕೈಯಿಂದ ದುಡ್ಡು ಕೊಟ್ಟು ಈ ಹುಡುಗನಿಗೆ ಉಚ್ಚಾರದ ಪಾಠ ಹೇಳಿಸಿದ. ಮುಂದೆ ಹಾಲಿವುಡ್ಡೇ ಕಿವಿಗೊಟ್ಟು ಕೇಳಿದ ದನಿ ಅದು. ಹುಟ್ಟಿನಿಂದ ಬಂದದ್ದಲ್ಲ, ಅಕ್ಷರ ಅಕ್ಷರ ತಿದ್ದಿ ಮಾಡಿದ್ದು.

ಸೈಡ್‌ವಿಂಗ್:
ಇದನ್ನ ಓದಿ ನಮ್ಮ ಅಜ್ಜ ನೆನಪಾದ್ರು ನೋಡ್ರಿ. ನಾಟಕ ಕಂಪನಿಯೊಳಗ ಇಪ್ಪತ್ತು ವರ್ಷ ಇದ್ದಾವ್ರು. ಹೊಸಾ ಹುಡುಗ ಬಂದ್ರ ಮೊದಲ ಬಣ್ಣ ಹಚ್ಚತಿದ್ದಿಲ್ಲ. 'ತರೀಕೆರೆ ಏರಿ ಮ್ಯಾಲ ಮೂರು ಕರಿ ಕುರಿಮರಿ ಮೇಯತಿತ್ತು', ಇದನ್ನ ನೂರು ಸಲ ಅನ್ನು ಅಂತಿದ್ರು. ಎಲ್ಲಾ 'ರ' ಐತಿ ಅದರಾಗ. ಮೂರನೇ ಸಲಕ್ಕ ನಾಲಿಗಿ ತೊಡರಿ ಕುರಿ ಕುಲಿ ಆಗತಿತ್ತು. ಈ ರೇನ್ಸ್ ಸಾಹೇಬ್ರನ್ನ ನಮ್ಮ ಅಜ್ಜನ ಕೈಯಾಗ ಕೊಟ್ಟಿದ್ರ ತರೀಕೆರೆ ಮ್ಯಾಲೇ ಜನ್ಮ ಕಳೀತಿತ್ತೇನೋ.

ಆದ್ರ ಒಂದು ಖರೆ. ದನಿ ತಿದ್ದಿಸಿಕೊಂಡಾವ್ರು ಮಾತಿಗೆ ಬೆಲಿ ಕೊಡತಾರ. ಒಂದೊಂದು ಶಬ್ದನೂ ರೊಕ್ಕಾ ಎಣಿಸಿದಂಗ ಎಣಿಸಿ ಕೊಡತಾರ. ಕಾಸಾಬ್ಲಾಂಕಾದಾಗ ಅವರು ಮಾತು ಮುಗಿಸಿದ ಮ್ಯಾಲ ಒಂದು ಕ್ಷಣ ಸುಮ್ಮನ ನಿಲ್ಲತಾರ, ಗಮನ ಕೊಡ್ರಿ.

ಮಲ್ಲಿಗೆಮೊಗ್ಗು:
@ಹಳೇರೀಲು, ಯುದ್ಧದ ಸಂಗತಿ ಬಿಟ್ಟಿರಲ್ಲ. ಮೊದಲ ಮಹಾಯುದ್ಧದಲ್ಲಿ ಆತ ಲಂಡನ್ ಸ್ಕಾಟಿಷ್ ರೆಜಿಮೆಂಟಿನಲ್ಲಿದ್ದ. ಫ್ರಾನ್ಸಿನ ವಿಮಿ ಬಳಿ ವಿಷಾನಿಲದ ದಾಳಿಗೆ ಸಿಕ್ಕಿ ಬಲಗಣ್ಣಿನ ದೃಷ್ಟಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಸಿಪಾಯಿಯಾಗಿ ಸೇರಿದವನು ಯುದ್ಧ ಮುಗಿಯುವಾಗ ಕ್ಯಾಪ್ಟನ್. ಅಂದರೆ ಬೆಂಚ್‌ಕ್ಲಾಸ್ ಅವರ 'ಗಿಡ್ಡ ಕ್ಯಾಪ್ಟನ್' ನಿಜವಾಗಿಯೂ ಕ್ಯಾಪ್ಟನ್ನೇ!

ಆ ಒಂದೇ ರೆಜಿಮೆಂಟಿನಿಂದ ಹಾಲಿವುಡ್ಡಿಗೆ ಬಂದವರ ಪಟ್ಟಿ ನೋಡಿ: ರೇನ್ಸ್, ಬೇಸಿಲ್ ರಾತ್‌ಬೋನ್, ರೊನಾಲ್ಡ್ ಕೋಲ್ಮನ್, ಹರ್ಬರ್ಟ್ ಮಾರ್ಷಲ್. ಮಾರ್ಷಲ್ ಒಂದು ಕಾಲನ್ನೇ ಕಳೆದುಕೊಂಡಿದ್ದ. ಮರದ ಕಾಲಿನಲ್ಲೇ ದಶಕಗಟ್ಟಲೆ ನಾಯಕನಾಗಿ, ಪೋಷಕ ನಟನಾಗಿ ದುಡಿದ. 1938ರ 'ರಾಬಿನ್ ಹುಡ್' ಸಿನಿಮಾದಲ್ಲಿ ರೇನ್ಸ್ ರಾಜಕುಮಾರ ಜಾನ್, ರಾತ್‌ಬೋನ್ ಅವನ ಬಲಗೈ ಬಂಟ. ಬಣ್ಣಬಣ್ಣದ ರೇಷ್ಮೆ ತೊಟ್ಟು ಔತಣ ಉಣ್ಣುತ್ತಾ ಕೂತ ಆ ಇಬ್ಬರೂ ಹಿಂದೊಮ್ಮೆ ಒಂದೇ ರೆಜಿಮೆಂಟಿನ ಸಮವಸ್ತ್ರ ತೊಟ್ಟವರು ಅಂತ ಗೊತ್ತಾದ ಮೇಲೆ ನನಗೆ ಆ ಚಿತ್ರ ಬೇರೆಯಾಗಿಯೇ ಕಾಣುತ್ತದೆ.

ಬೆಂಚ್‌ಕ್ಲಾಸ್:
ಒಂದು ಕಣ್ಣು ಕಾಣ್ತಿರಲಿಲ್ವಾ?! ನನಗೆ ಗೊತ್ತೇ ಆಗಲಿಲ್ಲವಲ್ಲ.

ಕಡಲತಡಿ:
ನಮ್ಮ ಬಾಲಕೃಷ್ಣರಿಗೆ ಕಿವಿ ಸರಿಯಾಗಿ ಕೇಳ್ತಿರಲಿಲ್ಲ, ಎದುರಿನವರ ತುಟಿ ನೋಡಿಯೇ ಟೈಮಿಂಗ್ ಹಿಡೀತಿದ್ದರಂತೆ. ಅದೂ ನಿಮಗೆ ಗೊತ್ತಾಗಿರಲಿಕ್ಕಿಲ್ಲ ಮಾರಾಯ್ರೇ. ಗೊತ್ತಾಗದಿದ್ದದ್ದೇ ಅವರ ಕಸುಬು ಅಲ್ವಾ.

ಹಳೇರೀಲು:
ಯುದ್ಧದಿಂದ ಬಂದ ಮೇಲೆ ಲಂಡನ್ನಿನಲ್ಲಿ ನಾಟಕ, ಜೊತೆಗೆ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್‌ನಲ್ಲಿ ಮೇಷ್ಟರಿಕೆ. ಈ ಅಕಾಡೆಮಿ ಕಟ್ಟಿದ್ದೂ ಅದೇ ಟ್ರೀ, 1904ರಲ್ಲಿ. ಶಿಷ್ಯರು ಯಾರು ಗೊತ್ತಾ? ಮುಂದೆ ದೊಡ್ಡ ನಟರಾದ ಜಾನ್ ಗೀಲ್‌ಗುಡ್, ಚಾರ್ಲ್ಸ್ ಲಾಟನ್. ಶುರುವಿನಲ್ಲಿ ತಾನು ರೇನ್ಸ್‌ನನ್ನೇ ಅನುಕರಿಸುತ್ತಿದ್ದೆ ಅಂತ ಗೀಲ್‌ಗುಡ್ ಒಪ್ಪಿಕೊಂಡಿದ್ದಾರೆ. 1920ರ ದಶಕದ ಕೊನೆಗೆ ನ್ಯೂಯಾರ್ಕ್. ಅಲ್ಲೂ ನಾಟಕವೇ.

ಸಿನಿಮಾ ಅಂತ ಬಂದದ್ದು 43ನೇ ವಯಸ್ಸಿಗೆ (1920ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಮೂಕಿಚಿತ್ರ ಮಾಡಿದ್ದ, ಅದನ್ನು ಲೆಕ್ಕಕ್ಕೆ ಹಿಡಿಯೋದು ಬೇಡ). ಬೇರೆ ಸ್ಟುಡಿಯೋಗೆ ಕೊಟ್ಟ ಸ್ಕ್ರೀನ್ ಟೆಸ್ಟ್ ಕೆಟ್ಟುಹೋಗಿತ್ತು. ನಾಟಕದವನು, ಕ್ಯಾಮೆರಾ ಮುಂದೆ ಕೈಕಾಲು ಬೀಸಿಬಿಟ್ಟಿದ್ದ. ನಿರ್ದೇಶಕ ಜೇಮ್ಸ್ ವೇಲ್‌ಗೆ ಅವನ ಮುಖ ಬೇಕಿರಲಿಲ್ಲ, ದನಿ ಬೇಕಿತ್ತು. ಯಾಕಂದ್ರೆ ಚಿತ್ರ 'ದಿ ಇನ್ವಿಸಿಬಲ್ ಮ್ಯಾನ್' (1933). ಎಚ್.ಜಿ. ವೆಲ್ಸ್ ಕಾದಂಬರಿಯ ಅದೃಶ್ಯ ಮನುಷ್ಯ. ಬೋರಿಸ್ ಕಾರ್ಲಾಫ್ ಮಾಡಬೇಕಿದ್ದ ಪಾತ್ರ ತಿರುಗಿ ಇವನಿಗೆ ಬಂತು.

ಸಿನಿಮಾ ಪೂರ್ತಿ ಮುಖಕ್ಕೆ ಬ್ಯಾಂಡೇಜು, ಕಪ್ಪು ಕನ್ನಡಕ. ಇಲ್ಲದಿದ್ದರೆ ಏನೂ ಇಲ್ಲ, ಬರೀ ದನಿ. ಬ್ಯಾಂಡೇಜು ಬಿಚ್ಚುವ ದೃಶ್ಯಕ್ಕೆ ಟ್ರಿಕ್ ದೃಶ್ಯಗಳ ತಜ್ಞ ಜಾನ್ ಫುಲ್ಟನ್ ಮಾಡಿದ ಉಪಾಯ ಕೇಳಿ: ಹಿಂದೆ ಕಪ್ಪು ಮಖಮಲ್ಲಿನ ಪರದೆ, ನಟನ ಮೈಗೂ ತಲೆಗೂ ಕಪ್ಪು ಮಖಮಲ್ಲಿನ ಹೊದಿಕೆ, ಅದರ ಮೇಲೆ ಅಂಗಿ ಪ್ಯಾಂಟು. ಅಂಗಿ ಮಾತ್ರ ಕಾಣುತ್ತೆ, ತಲೆ ಕಪ್ಪಿನೊಳಗೆ ಕಪ್ಪು. ಆಮೇಲೆ ಅದನ್ನು ಕೋಣೆಯ ಚಿತ್ರದ ಜೊತೆ ಕೂಡಿಸೋದು. ಮುಖ ಕಾಣೋದು ಕಟ್ಟಕಡೆಗೆ, ಹಾಸಿಗೆ ಮೇಲೆ ಸತ್ತ ಮೇಲೆ ಮೆಲ್ಲಗೆ ಮೂಡುತ್ತೆ, ಕೆಲವೇ ಸೆಕೆಂಡು. ಮುಖ ತೋರಿಸದೆ ಹೆಸರು ಮಾಡಿದ ನಟ ಇನ್ನೊಬ್ಬ ಇದ್ದರೆ ಹೇಳಿ.

ತುಂಗೆದಡ:
ಎಲ್ಲರೂ ಹೊಗಳ್ತಾ ಇದ್ದೀರಿ, ನಾನೊಂದು ತಗಾದೆ ತೆಗೀತೀನಿ. ಒಂದು, ಅದೇ ಚಿತ್ರದ ನಾಯಕಿ ಗ್ಲೋರಿಯಾ ಸ್ಟುವರ್ಟ್ (1997ರ 'ಟೈಟಾನಿಕ್'ನ ಅಜ್ಜಿ, ಹೌದು ಅವರೇ) ಮುಪ್ಪಿನಲ್ಲಿ ಕೊಟ್ಟ ಸಂದರ್ಶನಗಳಲ್ಲಿ ಹೇಳಿದ್ದು: ಇಬ್ಬರ ದೃಶ್ಯದಲ್ಲಿ ರೇನ್ಸ್ ತನ್ನನ್ನು ಮೆಲ್ಲಮೆಲ್ಲಗೆ ತಿರುಗಿಸಿ ಕ್ಯಾಮೆರಾಕ್ಕೆ ಬೆನ್ನು ಬೀಳೋ ಹಾಗೆ ಮಾಡ್ತಿದ್ದ, ಕೊನೆಗೆ ನಿರ್ದೇಶಕನೇ ಗದರಬೇಕಾಯ್ತು ಅಂತ. ಮುಖವೇ ಕಾಣದವನಿಗೆ ಕ್ಯಾಮೆರಾ ಆಸೆ ನೋಡಿ!

ಎರಡು, 1932ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ 'ದಿ ಗುಡ್ ಅರ್ಥ್' ಆದಾಗ ಚೀನೀ ರೈತ ವಾಂಗ್ ಲುಂಗ್ ಪಾತ್ರ ಇವನದ್ದೇ. ಬಿಳಿಯರು ಹಳದಿ ಬಣ್ಣ ಬಳ್ಕೊಂಡು ಚೀನೀಯರಾಗೋದು ಆಗ ಮಾಮೂಲಿ ಅನ್ನಬಹುದು. ಆದ್ರೆ 'ಏನು ಬೇಕಾದ್ರೂ ಆಗಬಲ್ಲ ನಟ' ಅಂತ ಹೊಗಳುವಾಗ ಅದರಲ್ಲಿ ಇದೂ ಸೇರಿದೆ ಅನ್ನೋದು ನೆನಪಿರಲಿ. ಚೀನೀ ನಟನಿಗೆ ಇಂಗ್ಲೆಂಡಿನ ಸೆನೆಟರ್ ಪಾತ್ರ ಯಾರೂ ಕೊಡ್ತಿರಲಿಲ್ಲ.

ಹಳೇರೀಲು:
ಸೆನೆಟರ್ ಇರೋದು ಅಮೆರಿಕದಲ್ಲಿ ಸ್ವಾಮೀ 🙂 ಆದ್ರೆ ನಿಮ್ಮ ಮಾತು ಒಪ್ಪಿದೆ, ಎರಡೂ.

ತುಂಗೆದಡ:
ಆಯ್ತು ಮೇಷ್ಟ್ರೇ, ತಿದ್ದಿಕೊಂಡೆ.

ಮಲ್ಲಿಗೆಮೊಗ್ಗು:
ಸೆನೆಟರ್ ಅಂದದ್ದಕ್ಕೆ ಆಸ್ಕರ್ ಪುರಾಣ ಹೇಳಿಬಿಡುತ್ತೇನೆ. ನಾಲ್ಕು ಸಲ ಪೋಷಕ ನಟ ವಿಭಾಗದಲ್ಲಿ ನಾಮನಿರ್ದೇಶನ, ನಾಲ್ಕೂ ಸಲ ಬರಿಗೈ.

1939ರ ಚಿತ್ರಗಳಲ್ಲಿ 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್'. ಭ್ರಷ್ಟನಾದ ಹಿರಿಯ ಸೆನೆಟರ್ ಪೇನ್. ಗೆದ್ದವನು ಥಾಮಸ್ ಮಿಚೆಲ್, 'ಸ್ಟೇಜ್‌ಕೋಚ್'ಗೆ. ತಮಾಷೆ ಏನೆಂದರೆ ಮಿಚೆಲ್ 'ಮಿಸ್ಟರ್ ಸ್ಮಿತ್'ನಲ್ಲೂ ಇದ್ದಾನೆ, ಕುಡುಕ ಪತ್ರಕರ್ತನಾಗಿ. ಆಮೇಲೆ 'ಕಾಸಾಬ್ಲಾಂಕಾ', ಗೆದ್ದದ್ದು ಚಾರ್ಲ್ಸ್ ಕೋಬರ್ನ್. 1944ರ 'ಮಿಸ್ಟರ್ ಸ್ಕೆಫಿಂಗ್ಟನ್', ಗೆದ್ದದ್ದು ಬ್ಯಾರಿ ಫಿಟ್ಸ್‌ಜೆರಾಲ್ಡ್. 1946ರ 'ನೊಟೋರಿಯಸ್', ಗೆದ್ದವನು ಹೆರಾಲ್ಡ್ ರಸೆಲ್. ರಸೆಲ್ ನಟನೇ ಅಲ್ಲ, ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡೂ ಕೈ ಕಳೆದುಕೊಂಡ ಸೈನಿಕ. ಅವನೆದುರು ಸೋತದ್ದಕ್ಕೆ ಹಳೇ ಸಿಪಾಯಿ ರೇನ್ಸ್‌ಗೆ ಬೇಜಾರಾಗಿರಲಿಕ್ಕಿಲ್ಲ ಅಂತ ನನ್ನ ಊಹೆ.

ಇನ್ನೊಂದು. ಪೋಷಕ ಪಾತ್ರಕ್ಕೆ ಆಸ್ಕರ್ ಕೊಡಲು ಶುರುಮಾಡಿದ್ದು 1936ರ ಚಿತ್ರಗಳಿಂದ. ಆದರೆ ನಾಯಕ ನಾಯಕಿಗೆ ಚಿನ್ನದ ಬಣ್ಣದ ಬೊಂಬೆ, ಇವರಿಗೆ ಒಂದು ಫಲಕ! ಮದುವೆಮನೆಯಲ್ಲಿ ಬೀಗರಿಗೆ ಬೆಳ್ಳಿತಟ್ಟೆ, ಉಳಿದವರಿಗೆ ಎಲೆ ಅನ್ನುವ ಹಾಗೆ. 1944ರ ಸಮಾರಂಭದಿಂದಷ್ಟೇ ಪೋಷಕ ನಟರಿಗೂ ಪೂರ್ತಿ ಬೊಂಬೆ. ಅಂದರೆ ರೇನ್ಸ್ 'ಕಾಸಾಬ್ಲಾಂಕಾ'ಗೆ ಸೋತ ವರ್ಷವೇ.

ಕಡಲತಡಿ:
ಅಲ್ಲ, ಒಂದು ಸಂಶಯ. 'ಇನ್ವಿಸಿಬಲ್ ಮ್ಯಾನ್', 1943ರ 'ಫ್ಯಾಂಟಮ್ ಆಫ್ ದಿ ಒಪೆರಾ' ಎರಡಕ್ಕೂ ಕೇಂದ್ರ ಇವರೇ. 'ಸೀಸರ್ ಅಂಡ್ ಕ್ಲಿಯೋಪಾತ್ರ'ದಲ್ಲಿ (1945) ಸೀಸರ್ ಇವರೇ, ಎದುರಿಗೆ ವಿವಿಯನ್ ಲೀ. 1951ರಲ್ಲಿ 'ಡಾರ್ಕ್‌ನೆಸ್ ಅಟ್ ನೂನ್' ನಾಟಕದ ಮುಖ್ಯ ಪಾತ್ರಕ್ಕೆ ಟೋನಿ ಪ್ರಶಸ್ತಿ, ಅದೂ ಶ್ರೇಷ್ಠ ನಟ ಅಂತ. ಮತ್ತೆ ಪೋಷಕ ನಟ ಅಂತ ಯಾಕೆ ಹೇಳುವುದು?

ಸೈಡ್‌ವಿಂಗ್:
ಕಂಪನಿಯೊಳಗ ಅಜ್ಜ ಒಂದು ಮಾತು ಅಂತಿದ್ರು. ರಾಜಾಪಾರ್ಟು ಅತ್ತಾಗ ಜನ ಅಳತಾರ. ಮಂತ್ರಿ ಪಾರ್ಟಿನಾಂವ ಆ ಅಳು ನೋಡ್ಕೋತ ಹೆಂಗ ನಿಂತಾನ ಅನ್ನೋದರ ಮ್ಯಾಲ ಅವರು ಅಳೋದು ಖರೇನೋ ಸುಳ್ಳೋ ಗೊತ್ತಾಗತೈತಿ. ರೇನ್ಸ್ ಸಾಹೇಬ್ರು ಸೀಸರ್ ಆದ್ರೂ ಮಂತ್ರಿ ಪಾರ್ಟಿನಾವ್ರ ನನಗ. ಎದುರಿನಾವ್ರ ಮಾತು ಕೇಳೂದು ಅವರಿಗೆ ಗೊತ್ತು. ಬೆಟ್ಟಿ ಡೇವಿಸ್ ಜೋಡಿ ಮಾಡಿದ ಸಿನಿಮಾ ನೋಡ್ರಿ. ಆ ಬಾಯಿ ಸಿಡಿಲು. ಇವರು ಎದುರಿಗೆ ಕೂತು ಸಿಗರೇಟ್ ಹಚ್ಚಿದ್ರ ಸಾಕು.

ಹಳೇರೀಲು:
ಬೆಟ್ಟಿ ಡೇವಿಸ್ ತನ್ನ ಮೆಚ್ಚಿನ ಸಹನಟ ರೇನ್ಸ್ ಅಂತಲೇ ಹೇಳ್ತಿದ್ದಳು. 1939ರ 'ವಾರೆಜ್'ನಲ್ಲಿ ಇವನು ಮೂರನೇ ನೆಪೋಲಿಯನ್. ಅವಳನ್ನು ತಿರಸ್ಕಾರದಿಂದ ನೋಡಬೇಕಾದ ದೃಶ್ಯ. ಆ ನೋಟಕ್ಕೆ ಹೆದರಿ, ಈ ಮನುಷ್ಯನಿಗೆ ನಿಜವಾಗ್ಲೂ ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದಳಂತೆ. ಆಮೇಲೆ 'ನೌ, ವಾಯೇಜರ್' (1942) ಚಿತ್ರದಲ್ಲಿ ಮನೋವೈದ್ಯ ಜಾಕ್ವಿತ್ ಆಗಿ ಅದೇ ಕಣ್ಣಿನಲ್ಲಿ ಅವಳನ್ನು ಎಷ್ಟು ಅಕ್ಕರೆಯಿಂದ ನೋಡ್ತಾನೆ!

ಈಗ @ಬೆಂಚ್‌ಕ್ಲಾಸ್‌ಗೆ ಮುಂದಿನ ಸಿನಿಮಾ: 'ನೊಟೋರಿಯಸ್', ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶನ. ಬ್ರೆಜಿಲ್‌ನಲ್ಲಿ ಅಡಗಿರೋ ನಾಜಿಗಳ ಗುಂಪು. ಅದರಲ್ಲಿ ಅಲೆಕ್ಸ್ ಸೆಬಾಸ್ಟಿಯನ್ ನಮ್ಮ ರೇನ್ಸ್. ಪತ್ತೇದಾರಿಕೆಗೆ ಬಂದ ಬರ್ಗ್‌ಮನ್‌ಳನ್ನು ನಿಜವಾಗಿ ಪ್ರೀತಿಸಿ ಮದುವೆಯಾಗ್ತಾನೆ. ಗುಟ್ಟು ರಟ್ಟಾದ ಮೇಲೆ ಅಮ್ಮನ ಜೊತೆ ಸೇರಿ ಅವಳ ಕಾಫಿಗೆ ದಿನಾ ಇಷ್ಟಿಷ್ಟೇ ವಿಷ ಬೆರೆಸೋದು. (ಅಮ್ಮನ ಪಾತ್ರದ ಲಿಯೋಪೋಲ್ಡಿನ್ ಕಾನ್‌ಸ್ಟಾಂಟಿನ್ ಇವನಿಗಿಂತ ಮೂರ್ನಾಲ್ಕು ವರ್ಷಕ್ಕಷ್ಟೇ ದೊಡ್ಡವಳು!)

ಕೊನೇ ದೃಶ್ಯ ಹೇಳ್ತೀನಿ, ನೋಡದವರು ದಾಟಿಹೋಗಿ. ಅವಳನ್ನು ಪ್ರೀತಿಸೋ ಅಮೆರಿಕದ ಗೂಢಚಾರ ಕ್ಯಾರಿ ಗ್ರಾಂಟ್ ಅವಳನ್ನು ಹಿಡಿದು ಮೆಟ್ಟಿಲಿಳಿಸ್ತಿದ್ದಾನೆ. ಕೆಳಗೆ ಗುಂಪಿನ ಗೆಳೆಯರು ತಲೆ ಎತ್ತಿ ನೋಡ್ತಿದ್ದಾರೆ. ಬಿಟ್ಟರೆ ಹೆಂಡತಿ ಪತ್ತೇದಾರಳು ಅಂತ ಗೆಳೆಯರಿಗೆ ಗೊತ್ತಾಗುತ್ತೆ, ತಡೆದರೂ ಗೊತ್ತಾಗುತ್ತೆ, ಗೊತ್ತಾದರೆ ಇವನ ಜೀವ ಉಳಿಯಲ್ಲ. ಅದಕ್ಕೇ ಇವನೂ ಪಕ್ಕದಲ್ಲೇ ಇಳೀತಾನೆ, ಹೆಂಡತಿಗೆ ಹುಷಾರಿಲ್ಲ, ಆಸ್ಪತ್ರೆಗೆ ಒಯ್ತಿದ್ದೀವಿ ಅನ್ನೋ ಹಾಗೆ. ಕಾರಿನ ಹತ್ತಿರ ಬಂದು ನನ್ನನ್ನೂ ಕರ್ಕೊಂಡು ಹೋಗಿ ಅಂತ ಬೇಡ್ತಾನೆ. ಗ್ರಾಂಟ್ ಒಳಗಿಂದ ಬಾಗಿಲ ಲಾಕ್ ಒತ್ತುತ್ತಾನೆ. ಕಾರು ಹೋಯ್ತು. ಬೆನ್ನ ಹಿಂದೆ, ಮನೆ ಬಾಗಿಲಿಂದ, ಒಳಗೆ ಬಾ ಮಾತಾಡೋದಿದೆ ಅಂತ ಕರೆ ಬರುತ್ತೆ. ಅವನು ತಿರುಗಿ ಆ ಮೆಟ್ಟಿಲು ಹತ್ತುತ್ತಾನೆ. ನಮಗೆ ಕಾಣೋದು ಬೆನ್ನು ಮಾತ್ರ. ಬಾಗಿಲು ಮುಚ್ಚುತ್ತೆ.

ವಿಷ ಹಾಕಿದ ನಾಜಿ ಅವನು. ಹಾಗಿದ್ದೂ 'ಅಯ್ಯೋ ಪಾಪ' ಅನ್ನಿಸ್ತದೆ. ಬರೀ ಬೆನ್ನಲ್ಲಿ.

ತುಂಗೆದಡ:
ಇದಕ್ಕೆ ತಗಾದೆ ಇಲ್ಲ. ಆ ಚಿತ್ರದ ಎತ್ತರದ ಕಥೆನೂ ಹೇಳಿ. ಬರ್ಗ್‌ಮನ್ ಇವನಿಗಿಂತ ಉದ್ದ. ದೂರದಿಂದ ನಡೆದು ಬರೋ ಶಾಟಿನಲ್ಲಿ ಥಟ್ಟಂತ ಪೆಟ್ಟಿಗೆ ಮೇಲೆ ಹತ್ತೋಕಾಗಲ್ಲ ಅಂತ ಹಿಚ್‌ಕಾಕ್ ಹಲಗೆಯ ಇಳಿಜಾರು ಮಾಡಿಸಿದ. ಕ್ಯಾಮೆರಾ ಹತ್ತಿರಾದ ಹಾಗೆ ರೇನ್ಸ್ ಎತ್ತರ ಆಗ್ತಾ ಬರ್ತಾನೆ.

ದೂರದೂರು:
ತಡವಾಗಿ ಬಂದೆ, ಕ್ಷಮಿಸಿ. ನಾನಿರೋದು ಫಿಲಡೆಲ್ಫಿಯಾ ಹತ್ತಿರ. ರೇನ್ಸ್ 1939ರಲ್ಲಿ ಅಮೆರಿಕದ ಪೌರನಾದ, ಆಮೇಲೆ ಇಲ್ಲೇ ಪೆನ್ಸಿಲ್ವೇನಿಯಾದ ಚೆಸ್ಟರ್ ಕೌಂಟಿಯಲ್ಲಿ ಮುನ್ನೂರು ಎಕರೆಗೂ ಹೆಚ್ಚಿನ ಹೊಲ ಕೊಂಡ. ಶೂಟಿಂಗ್ ಮುಗಿದ ಕೂಡಲೇ ಹಾಲಿವುಡ್ ಬಿಟ್ಟು ಹೊಲಕ್ಕೆ ಓಡಿಬರ್ತಿದ್ದ. ಬಡಕೇರಿಯಲ್ಲಿ ಬೆಳೆದವನಿಗೆ ಸ್ವಂತ ಮಣ್ಣು ಅಂದ್ರೆ ಅಷ್ಟು ಆಸೆ ಇದ್ದಿರಬೇಕು. ಈ ಕಡೆ ಹಳೇ ಕಲ್ಲುಮನೆಗಳು, ಏರಿಳಿಯುವ ಹೊಲಗಳು. ಚಳಿಗಾಲದಲ್ಲಿ ಮೂಗು ಉದುರಿಹೋಗೋ ಚಳಿ.

ಆ ಚಳಿಯದ್ದೇ ಒಂದು ಕಥೆ, ಮಗಳು ಹೇಳಿದ್ದು. ಅವಳು 1938ರಲ್ಲಿ ಹುಟ್ಟಿದವಳು, ಅಪ್ಪನ ಮೊದಲ ಸಿನಿಮಾ ನೋಡಿರಲಿಲ್ಲ. ಹತ್ತಿರದ ಊರಿನ ಥಿಯೇಟರಿಗೆ 'ಇನ್ವಿಸಿಬಲ್ ಮ್ಯಾನ್' ಮತ್ತೆ ಬಂದಾಗ ಅಪ್ಪ ಕರ್ಕೊಂಡು ಹೋದ. ಚಳಿಗೆ ಟೋಪಿ, ಕೋಟು, ಮುಖದ ಸುತ್ತ ಮಫ್ಲರ್, ಕಣ್ಣು ಬಿಟ್ಟರೆ ಏನೂ ಕಾಣಲ್ಲ. ಕೌಂಟರಿನಲ್ಲಿ ಟಿಕೆಟ್ ಕೊಡಿ ಅಂತ ಬಾಯಿ ಬಿಟ್ಟ ತಕ್ಷಣ ಅಲ್ಲಿದ್ದವನು ಗುರುತು ಹಿಡಿದುಬಿಟ್ಟ! ನಿಮಗೆ ಟಿಕೆಟ್ ಯಾಕೆ, ಹಾಗೇ ಒಳಗೆ ಹೋಗಿ ಅಂದ. ರೇನ್ಸ್‌ಗೆ ಸಿಟ್ಟು ಬಂತು. ದುಡ್ಡು ಕೊಟ್ಟೇ ಒಳಗೆ ಹೋದ.

ಬೆಂಚ್‌ಕ್ಲಾಸ್:
ಅಬ್ಬಾ. ತೆರೆ ಮೇಲೆ ಬ್ಯಾಂಡೇಜು, ಹೊರಗೆ ಮಫ್ಲರ್!

ಕಡಲತಡಿ:
ಸಂಸಾರದ ಕಥೆ ಯಾರೂ ಎತ್ತಲಿಲ್ಲ. ಆರು ಮದುವೆ ಮಾರಾಯ್ರೇ, ಆರು! ಐದು ಮುರಿದವು, ಆರನೆಯ ಹೆಂಡತಿ ರೋಸ್‌ಮೇರಿ 1964ರಲ್ಲಿ ತೀರಿಕೊಂಡರು. ಎಲ್ಲರ ಮಾತು ಕೇಳುವ ಜನ ಮನೆಯಲ್ಲಿ ಕೇಳ್ತಿರಲಿಲ್ಲವೋ ಏನೋ.

ಮಲ್ಲಿಗೆಮೊಗ್ಗು:
ಅದನ್ನು ಆ ಆರು ಜನ ಹೇಳಬೇಕು, ನಾವಲ್ಲ.

ಹಳೇರೀಲು:
ಕೊನೆಯವರೆಗೂ ದುಡಿದ. 1962ರ 'ಲಾರೆನ್ಸ್ ಆಫ್ ಅರೇಬಿಯಾ'ದಲ್ಲಿ ಡ್ರೈಡನ್: ತೆರೆಮರೆಯಲ್ಲಿ ಕೂತು ದಾಳ ಉರುಳಿಸೋ ಬ್ರಿಟಿಷ್ ಅಧಿಕಾರಿ. ಅಷ್ಟು ಮರಳು, ಅಷ್ಟು ಒಂಟೆ, ಅಷ್ಟು ದೊಡ್ಡ ನಟರ ನಡುವೆ ಆ ಮನುಷ್ಯ ಹುಬ್ಬು ಎತ್ತಿದರೆ ಸಾಕು. 1965ರಲ್ಲಿ ಹೆರೋದ ರಾಜನ ಪಾತ್ರವೇ ತೆರೆಯ ಮೇಲೆ ಕೊನೆಯದು. ತೀರಿಕೊಂಡದ್ದು 1967ರ ಮೇ 30, ನ್ಯೂ ಹ್ಯಾಂಪ್‌ಷೈರಿನ ಲಕೋನಿಯಾದಲ್ಲಿ.

ಸೈಡ್‌ವಿಂಗ್:
ಬೆಂಚ್‌ಕ್ಲಾಸ್ ತಮ್ಮಾ, ಕಾಸಾಬ್ಲಾಂಕಾದ ಕಡೀಗೆ ಆ ನೀರಿನ ಬಾಟ್ಲಿ ನೋಡಿದ್ಯೋ ಇಲ್ಲೋ?

ಬೆಂಚ್‌ಕ್ಲಾಸ್:
ನೋಡಿದೆ ಅಣ್ಣಾ. ನೀರು ಬಗ್ಗಿಸ್ಕೊಳ್ತಾನೆ, ಚೀಟಿ ಮೇಲೆ 'ವಿಶಿ' ಅಂತಿರೋದು ಕಣ್ಣಿಗೆ ಬೀಳುತ್ತೆ, ಜರ್ಮನರ ಕೈಗೊಂಬೆಯಾಗಿದ್ದ ಫ್ರೆಂಚ್ ಸರ್ಕಾರದ ಊರು. ಬಾಟ್ಲಿ ಕಸದ ಬುಟ್ಟಿಗೆ ಹಾಕಿ ಬುಟ್ಟಿಗೊಂದು ಒದೆ. ಭಾಷಣ ಇಲ್ಲ, ಏನಿಲ್ಲ. ಅವನು ಪಕ್ಷ ಬದಲಿಸಿದ ಅಂತ ಗೊತ್ತಾಗಿಹೋಯ್ತು.

ಅಂದ ಹಾಗೆ, ನೀವೆಲ್ಲ ಹೇಳಿದ ಮೇಲೆ ಇವತ್ತು ಮತ್ತೆ ಹಾಕಿದೆ. ಬಲಗಣ್ಣು ಕಾಣಲ್ಲ ಅನ್ನೋದು ಎಲ್ಲಾದ್ರೂ ಗೊತ್ತಾಗುತ್ತಾ, ತಲೆ ಒಂದು ಕಡೆ ಜಾಸ್ತಿ ತಿರುಗಿಸ್ತಾನಾ, ಅದೊಂದನ್ನೇ ನೋಡ್ಬೇಕು ಅಂತ ಟೀವಿ ಹತ್ತಿರ ಕುರ್ಚಿ ಎಳ್ಕೊಂಡು ಕೂತೆ. ಹತ್ತು ನಿಮಿಷ ಕಣ್ಣನ್ನೇ ನೋಡಿದೆ. ಆಮೇಲೆ ಅವನು ಏನೋ ಹೇಳಿದ, ನಾನು ನಕ್ಕೆ. ಕಣ್ಣಿನ ವಿಷಯ ಮತ್ತೆ ನೆನಪಾಗೋ ಹೊತ್ತಿಗೆ ಕೊನೇ ಸೀನಿನ ವಿಮಾನ ಹಾರಿಹೋಗಿತ್ತು.

ನಾಳೆ 'ನೊಟೋರಿಯಸ್'.